ತಿಂಡಿ ತುಟ್ಟಿ: ದೂರು ರೈತನ ಮೇಲೇಕೆ?

ಸರಪಳಿ ಹೋಟೆಲುಗಳ ಬರ್ಗರ್, ಪಿಜ್ಜಾ ತುಟ್ಟಿಯಾಗಲು ಎಣ್ಣೆ, ಧಾನ್ಯಗಳ ದರವೇ ಕಾರಣವೆಂಬ ವಾದ ಅರ್ಧ ಸತ್ಯ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಸೋಯಾ, ತಾಳೆ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿದ್ದು ನಿಜ. ಆ ಬಿಸಿ ಬೀದರ್ ನಗರದ ಮಿರ್ಚಿ ಭಜಿ ಬಾಣಲೆಗೂ ಭಾಲ್ಕಿಯ ವಡಾಪಾವ್ ಗಾಡಿಗೂ ತಟ್ಟುವಂಥದ್ದೇ. ಗಾಡಿಯ ದರದಲ್ಲಿ ಇಲ್ಲದ್ದು ಸರಪಳಿಯ ಬಿಲ್ಲಿನಲ್ಲಿದೆ: ಜಾಹೀರಾತು, ಬ್ರ್ಯಾಂಡಿಗೆ ಕಟ್ಟುವ ರಾಯಧನ, ಮಳಿಗೆಯ ಬಾಡಿಗೆ, ಹವಾನಿಯಂತ್ರಣ. ಇವುಗಳಲ್ಲಿ ಯಾವುದೂ ಹೊಟ್ಟೆ ತುಂಬಿಸುವುದಿಲ್ಲ.

ಖರ್ಚು ಇಳಿದಾಗ ದರವೂ ಇಳಿಯುತ್ತದೆ ಎಂಬ ಮಾತಂತೂ ಒಪ್ಪತಕ್ಕದ್ದಲ್ಲ. 2017ರ ನವೆಂಬರ್ 15ರಿಂದ ಹವಾನಿಯಂತ್ರಿತ ಹೋಟೆಲ್ ಊಟದ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ರದ್ದಾಯಿತು, ಸರಿ. ಆದರೆ ಆ ನಷ್ಟಕ್ಕಿಂತ ಹೆಚ್ಚಾಗಿ ಮೂಲ ಬೆಲೆ ಏರಿಸಲಾಗಿದೆ ಎಂದು ರಾಷ್ಟ್ರೀಯ ಲಾಭಕೋರತನ ತಡೆ ಪ್ರಾಧಿಕಾರ ಕೆಲವು ಸರಪಳಿಗಳ ವಿರುದ್ಧ ಆದೇಶ ಹೊರಡಿಸಿತು.

ಇನ್ನು ರೈತನಿಗೆ ಸಿಕ್ಕ ದರದ ಮಾತು. ಔರಾದ್, ಭಾಲ್ಕಿ ಹೊಲಗಳ ಮುಂಗಾರು ಬೆಳೆ ಸೋಯಾ. ಎಣ್ಣೆಕಾಳು ಬೆಳೆಗಾರರ ಹೆಸರಿನಲ್ಲೇ ಆಮದು ಸುಂಕ ಏರಿತು. 2024–25ರಲ್ಲಿ ಸೋಯಾ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ. ಆ ಸುಗ್ಗಿಯಲ್ಲಿ ದೇಶದ ಪ್ರಮುಖ ಮಂಡಿಗಳ ದರ ಅದಕ್ಕಿಂತ ಕೆಳಗೇ ಉಳಿಯಿತು.