ಚೊಚ್ಚಲ ಋತುವನ್ನು ಅಳೆಯುವ ಬಗೆ: ಮಿಥುನ್ ಬೇಡವೆನ್ನುವವರಿಗೆ ಒಂದು ಪ್ರತ್ಯುತ್ತರ

ರಣಜಿ ಟ್ರೋಫಿಯಲ್ಲಿ ಕರ್ನಾಟಕದ ಆಟಗಾರನೊಬ್ಬನ ಅತ್ಯುತ್ತಮ ಚೊಚ್ಚಲ ಋತು ಯಾವುದು? ಗುಂಜಿ, ಖಾನಾಪುರ, ಬೆಳಗಾವಿ, ಎಲ್ಲೇ ನಾಲ್ಕು ಜನ ಕ್ರಿಕೆಟ್ ಪ್ರಿಯರು ಸೇರಿದರೂ ಈ ಪ್ರಶ್ನೆ ಏಳುತ್ತದೆ. ನನ್ನ ಉತ್ತರ ಒಂದೇ: 2009–10ರ ಅಭಿಮನ್ಯು ಮಿಥುನ್. ಈ ಹೆಸರು ಹೇಳಿದ ಕೂಡಲೇ ಆಕ್ಷೇಪಗಳು ಸಾಲುಗಟ್ಟಿ ಬರುತ್ತವೆ. ಅವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ. ಎರಡೂ ಕಡೆಯ ವಾದ ಕೇಳಿದ ಮೇಲೆ ಓದುಗರೇ ತೀರ್ಪು ಕೊಡಲಿ.

ಮೊದಲು ದಾಖಲೆ. 2009ರ ನವೆಂಬರ್ ಆರಂಭದಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಮಿಥುನ್ ತಮ್ಮ ಮೊದಲ ಪ್ರಥಮ ದರ್ಜೆ ಪಂದ್ಯ ಆಡಿದರು. ಅದರಲ್ಲೇ ಹ್ಯಾಟ್ರಿಕ್ ಪಡೆದರು. ಋತು ಮುಗಿದಾಗ ಅವರ ಖಾತೆಯಲ್ಲಿ 47 ವಿಕೆಟ್‌ಗಳಿದ್ದವು. ಆ ವರ್ಷದ ರಣಜಿಯಲ್ಲಿ ದೇಶದ ಯಾವ ಬೌಲರ್ ಕೂಡ ಅಷ್ಟು ವಿಕೆಟ್ ಪಡೆಯಲಿಲ್ಲ. ಕರ್ನಾಟಕ ಫೈನಲ್ ತಲುಪಿತು. ಮಿಥುನ್‌ಗೆ ಭಾರತದ ಟೆಸ್ಟ್ ತಂಡದಿಂದ ಕರೆ ಬಂತು. 2010ರ ಫೆಬ್ರುವರಿ 27ರಂದು ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ಪಂದ್ಯಕ್ಕೆ ಅವರು ಭಾರತದ ಪರವಾಗಿ ಕಣಕ್ಕಿಳಿದರು. ಮೀರತ್‌ನಿಂದ ಅಹಮದಾಬಾದ್‌ಗೆ ಹಿಡಿದದ್ದು ನಾಲ್ಕು ತಿಂಗಳಿಗೂ ಕಡಿಮೆ.

ನನ್ನ ಅಳತೆಗೋಲು ಮೂರು ಅಂಶಗಳದ್ದು. ಅದು ನಿಜವಾಗಿ ಮೊದಲ ಋತುವೇ ಆಗಿರಬೇಕು. ಒಂದು ದಿನದ ಆಟವನ್ನಲ್ಲ, ಇಡೀ ಋತುವನ್ನು ಲೆಕ್ಕಕ್ಕೆ ಹಿಡಿಯಬೇಕು. ಆ ಋತುವಿನಲ್ಲಿ ಆಡಿದ ಉಳಿದವರ ಜೊತೆಗೇ ಹೋಲಿಸಬೇಕು, ಮುಂದೆ ಬಂದ ಕೀರ್ತಿಯ ಜೊತೆಗಲ್ಲ. ಎದುರಾಳಿಗಳ ಒಂದೊಂದು ವಾದವೂ ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುರಿಯದೆ ನಿಲ್ಲುವುದಿಲ್ಲ.

ಮೊದಲ ಆಕ್ಷೇಪ: "ಗುಂಡಪ್ಪ ವಿಶ್ವನಾಥ್ ಇರುವಾಗ ಈ ಚರ್ಚೆಯೇ ಏಕೆ?" 1967ರ ನವೆಂಬರ್‌ನಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರು (ಈಗಿನ ಕರ್ನಾಟಕ) ತಂಡದ ಪರ ಮೊದಲ ಪಂದ್ಯ ಆಡಿದ ವಿಶ್ವನಾಥ್ 230 ರನ್ ಹೊಡೆದರು. ಅದು ಕರ್ನಾಟಕ ಕ್ರಿಕೆಟ್ಟಿನ ಅತ್ಯಂತ ಭವ್ಯವಾದ ಚೊಚ್ಚಲ ಇನಿಂಗ್ಸ್ ಎಂಬುದನ್ನು ಯಾರ ಮುಂದೆ ಬೇಕಾದರೂ ಒಪ್ಪುತ್ತೇನೆ. ಆದರೆ ಕೇಳಿದ ಪ್ರಶ್ನೆ ಇನಿಂಗ್ಸ್ ಕುರಿತದ್ದಲ್ಲ, ಋತು ಕುರಿತದ್ದು. ಈ ವಾದ ಮಂಡಿಸುವವರು 230 ಎಂದು ಹೇಳಿ ಅಲ್ಲಿಗೇ ನಿಲ್ಲುತ್ತಾರೆ. ಆ ಋತುವಿನ ಉಳಿದ ಪಂದ್ಯಗಳ ಮಾತು ಅವರ ಬಾಯಿಂದ ಬರುವುದೇ ಇಲ್ಲ. ಒಂದು ದಿನ ಜೋರು ಮಳೆ ಬಿತ್ತೆಂದು ಆ ವರ್ಷದ ಮಳೆಗಾಲವೇ ಚೆನ್ನಾಗಿತ್ತು ಎಂದು ಖಾನಾಪುರದ ಭತ್ತದ ರೈತ ಯಾವತ್ತೂ ಹೇಳುವುದಿಲ್ಲ. ಇನ್ನೂ ಒತ್ತಿ ಕೇಳಿದರೆ ಅವರು 1969ರ ಕಾನ್ಪುರಕ್ಕೆ ಜಿಗಿಯುತ್ತಾರೆ: ಆಸ್ಟ್ರೇಲಿಯಾ ವಿರುದ್ಧದ ಮೊದಲ ಟೆಸ್ಟ್‌ನಲ್ಲೇ ಸೊನ್ನೆ ಮತ್ತು 137. ಅದು ಎರಡು ವರ್ಷಗಳ ನಂತರದ ಮಾತು. ಚೊಚ್ಚಲ ಋತುವಿನ ಲೆಕ್ಕಕ್ಕೆ ಅದನ್ನು ಎಳೆದು ತರಬೇಕಾಗಿ ಬಂದದ್ದೇ ಆ ಲೆಕ್ಕ ಸಾಲುತ್ತಿಲ್ಲ ಎಂಬುದಕ್ಕೆ ಸಾಕ್ಷಿ.

ಎರಡನೆಯದು ರಾಹುಲ್ ದ್ರಾವಿಡ್ ಪಕ್ಷ. "ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ, ಮೊದಲ ಪಂದ್ಯದಲ್ಲೇ 82, ಋತುವಿನ ಸರಾಸರಿ 63ಕ್ಕೂ ಮೇಲೆ!" ಇದರಲ್ಲಿ ಸುಳ್ಳು ಒಂದೂ ಇಲ್ಲ, ಆದರೆ ಎರಡು ಋತುಗಳನ್ನು ಒಂದೇ ವಾಕ್ಯದಲ್ಲಿ ಹೊಲಿಯಲಾಗಿದೆ. ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧದ ಆ 82 ರನ್ ಬಂದದ್ದು 1991ರ ಫೆಬ್ರುವರಿಯಲ್ಲಿ, ಅಂದರೆ 1990–91ರ ಋತುವಿನ ಕೊನೆಯ ಭಾಗದಲ್ಲಿ. ಎರಡು ಶತಕಗಳೊಂದಿಗೆ 63.3ರ ಸರಾಸರಿಯಲ್ಲಿ 380 ರನ್ ಬಂದದ್ದು 1991–92ರಲ್ಲಿ. ಯಾವುದು ಚೊಚ್ಚಲ ಋತು? ಮೊದಲನೆಯದು ಎಂದರೆ 63ರ ಸರಾಸರಿ ಕೈಬಿಡಬೇಕು. ಎರಡನೆಯದು ಎಂದರೆ 82ನ್ನೂ ಕೈಬಿಡಬೇಕು, 'ಚೊಚ್ಚಲ' ಎಂಬ ಮಾತನ್ನೂ ಕೈಬಿಡಬೇಕು. ಎರಡನ್ನೂ ಹಿಡಿದುಕೊಂಡಿರಲು ಲೆಕ್ಕ ಬಿಡುವುದಿಲ್ಲ. ದ್ರಾವಿಡ್ ಮುಂದೆ ಏನಾದರು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅವರ 380 ರನ್‌ಗಳು ಇಂದು ನಮಗೆ 800ರಂತೆ ಕಾಣುತ್ತವೆ.

ಮೂರನೆಯದು ಬೌಲಿಂಗ್ ಬಣದಿಂದಲೇ ಬರುವ ಮಾತು: "ಮೊದಲ ಪಂದ್ಯದ ಹ್ಯಾಟ್ರಿಕ್ ಹೊಸದೇನಲ್ಲ, ಜಾವಗಲ್ ಶ್ರೀನಾಥ್ ಅದನ್ನು ಇಪ್ಪತ್ತು ವರ್ಷ ಮೊದಲೇ ಮಾಡಿದ್ದರು." ನಿಜ. 1989–90ರಲ್ಲಿ ಹೈದರಾಬಾದ್ ವಿರುದ್ಧ ಶ್ರೀನಾಥ್ ಹ್ಯಾಟ್ರಿಕ್ ಪಡೆದರು, ಎರಡನೇ ಇನಿಂಗ್ಸ್‌ನಲ್ಲಿ ಸತತ ಎರಡು ಎಸೆತಗಳಲ್ಲಿ ಮತ್ತೆ ಎರಡು ವಿಕೆಟ್ ಕಿತ್ತರು. ಆದರೆ ಆ ಋತುವಿನ 6 ಪಂದ್ಯಗಳಲ್ಲಿ ಅವರಿಗೆ ದಕ್ಕಿದ್ದು 25 ವಿಕೆಟ್. ಪಂದ್ಯಗಳು ಕಡಿಮೆ ಇದ್ದವು ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ. ಅದೇ ವೇಗದಲ್ಲಿ 47 ತಲುಪಲು ಶ್ರೀನಾಥ್‌ಗೆ 11ಕ್ಕೂ ಹೆಚ್ಚು ಪಂದ್ಯ ಬೇಕಾಗುತ್ತಿತ್ತು. 2009–10ರಲ್ಲಿ ಫೈನಲ್ ಆಡಿದ ತಂಡಕ್ಕೂ ಅಷ್ಟು ಪಂದ್ಯಗಳಿರಲಿಲ್ಲ. ಹ್ಯಾಟ್ರಿಕ್‌ನಲ್ಲಿ ಇಬ್ಬರೂ ಸಮ. ಉಳಿದ ಋತುವಿನಲ್ಲಿ ಸಮವಲ್ಲ.

ನಾಲ್ಕನೆಯದು ಜೋರು ದನಿಯ ವಾದ: "ಟ್ರೋಫಿ ಗೆಲ್ಲದ ಋತು ಎಂಥ ಋತು? ಕರುಣ್ ನಾಯರ್ ಅವರನ್ನು ನೋಡಿ." 2013–14ರಲ್ಲಿ ರಣಜಿಗೆ ಕಾಲಿಟ್ಟ ನಾಯರ್ ಸತತ ಮೂರು ಶತಕ ಬಾರಿಸಿದರು, 494 ರನ್ ಗಳಿಸಿದರು, ಕರ್ನಾಟಕ ಚಾಂಪಿಯನ್ ಆಯಿತು. ಈ ಸಾಲಿನಲ್ಲಿ ನಿಜವಾದ ಪೈಪೋಟಿ ಕೊಡುವ ಋತುಗಳಲ್ಲಿ ಇದೂ ಒಂದು. ಆದರೆ ಅದೇ ತಂಡದಲ್ಲಿ ಕೆ.ಎಲ್. ರಾಹುಲ್ 1,033 ರನ್ ಗಳಿಸಿದ್ದರು, ಫೈನಲ್‌ನಲ್ಲಿ ಶತಕವನ್ನೂ ಹೊಡೆದಿದ್ದರು. ಟ್ರೋಫಿಯ ಪುಣ್ಯವನ್ನು ಒಬ್ಬ ಹೊಸಬನ ಹೆಸರಿಗೆ ಬರೆಯುವುದಾದರೆ ರಾಹುಲ್‌ಗೆ ಉಳಿಯುವುದೇನು? ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಟ್ರೋಫಿ ಬೇಕೇ ಬೇಕು ಎನ್ನುವವರೇ ಮರುಕ್ಷಣ ವಿಶ್ವನಾಥ್‌ಗೆ ಕೈ ಮುಗಿಯುತ್ತಾರೆ. ನಮ್ಮ ರಾಜ್ಯ ಮೊದಲ ಬಾರಿಗೆ ರಣಜಿ ಗೆದ್ದದ್ದು 1973–74ರಲ್ಲಿ. ವಿಶ್ವನಾಥ್ ಅವರ ಚೊಚ್ಚಲ ಋತು 1967–68ರದ್ದು, ಆ ವರ್ಷದ ಟ್ರೋಫಿ ಬಾಂಬೆಯ ಪಾಲಾಗಿತ್ತು. ಮಿಥುನ್ ಬಂದಾಗ ಮಾತ್ರ ಬಾಗಿಲಲ್ಲಿ ನಿಲ್ಲಿಸುವ ನಿಯಮಕ್ಕೆ ನಿಯಮ ಎಂಬ ಹೆಸರು ಒಪ್ಪುವುದಿಲ್ಲ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೂ ಇದೇ ಜಗಳ ಬಹುಕಾಲದಿಂದ ಇದೆ. 2003ರಲ್ಲಿ ಕಾರ್ಮೆಲೊ ಆ್ಯಂಥನಿ ತಮ್ಮ ಮೊದಲ ವರ್ಷದಲ್ಲೇ ಸಿರಾಕ್ಯೂಸ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. 2007ರಲ್ಲಿ ಕೆವಿನ್ ಡುರಾಂಟ್ ಆಡಿದ ಟೆಕ್ಸಾಸ್ ತಂಡ ಟೂರ್ನಿಯ ಎರಡನೇ ಸುತ್ತಿನಲ್ಲೇ ಹೊರಬಿತ್ತು. ಹಾಗಿದ್ದೂ ವರ್ಷದ ಶ್ರೇಷ್ಠ ಆಟಗಾರನ ರಾಷ್ಟ್ರೀಯ ಗೌರವ ಪಡೆದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಡುರಾಂಟ್ ಅವರೇ ಮೊದಲಿಗರು. ತಂಡ ಎಲ್ಲಿಗೆ ತಲುಪಿತು ಎಂಬುದು ಬೇರೆ, ಒಬ್ಬನ ಆಟ ಎಷ್ಟು ಎತ್ತರಕ್ಕೆ ಹೋಯಿತು ಎಂಬುದು ಬೇರೆ ಎಂದು ಅಲ್ಲಿನ ತೀರ್ಪುಗಾರರು ಬಿಡಿಸಿ ನೋಡಿದರು. ನಾವೂ ಹಾಗೆ ನೋಡಬಲ್ಲೆವು.

ಇದಕ್ಕೆ ಅಂಟಿಕೊಂಡೇ ಐದನೆಯ ಆಕ್ಷೇಪ ಬರುತ್ತದೆ, ಇದನ್ನು ಹೆಚ್ಚಾಗಿ ಹೇಳುವವರು ನಮ್ಮ ಭಾಗದ ಮುಂಬೈ ಅಭಿಮಾನಿಗಳು: "ಮೈಸೂರಿನ ಫೈನಲ್‌ನಲ್ಲಿ ಸೋತಿರಲ್ಲ!" ಸೋತೆವು. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್ ಅಂಗಳದಲ್ಲಿ, ಬರೀ 6 ರನ್‌ಗಳಿಂದ ಸೋತೆವು. ಆದರೆ ಸೋತದ್ದು ಎಲ್ಲಿ? ಕರ್ನಾಟಕದ ಬೌಲರ್‌ಗಳು ಮುಂಬೈಯನ್ನು 233 ಮತ್ತು 234ಕ್ಕೆ ಕಟ್ಟಿಹಾಕಿದ್ದರು. ನಮ್ಮ ಬ್ಯಾಟ್ಸ್‌ಮನ್‌ಗಳು ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಆಲೌಟ್ ಆದರು. 338ರ ಗುರಿಯ ಬೆನ್ನು ಹತ್ತಿದಾಗ ಮನೀಶ್ ಪಾಂಡೆ ಅವರ 144ರ ನಂತರವೂ ತಂಡ 331ಕ್ಕೆ ನಿಂತಿತು. 130ರ ಋಣವನ್ನು ಬೌಲರ್‌ನ ತಲೆಗೆ ಕಟ್ಟುವುದು ಯಾವ ನ್ಯಾಯ?

ಆರನೆಯದು: "ತವರಿನ ಪಿಚ್‌ಗಳ ನೆರವು, ಇನ್ನೊಂದು ತುದಿಯಲ್ಲಿ ವಿನಯ್ ಕುಮಾರ್ ಕಟ್ಟಿದ ಒತ್ತಡ, ಮಿಥುನ್ ಮಾಡಿದ್ದೇನು?" ಆ ಹ್ಯಾಟ್ರಿಕ್ ಬಂದದ್ದು ಮೀರತ್‌ನಲ್ಲಿ, ಎದುರಾಳಿಯ ತವರಿನಲ್ಲಿ. ತವರು ಪಿಚ್ ಕರ್ನಾಟಕದವರಿಗಷ್ಟೇ ಇರುವ ಸೌಲಭ್ಯವೂ ಅಲ್ಲ. ರಣಜಿಯ ಪ್ರತಿ ತಂಡದ ಬೌಲರ್‌ಗೂ ತವರು ಇತ್ತು, ಆದರೂ 47 ಯಾರಿಗೂ ಬರಲಿಲ್ಲ. ವಿನಯ್ ವಿಷಯವೂ ಅಷ್ಟೇ. ಇನ್ನೊಂದು ತುದಿಯಲ್ಲಿ ಅನುಭವಿ ಬೌಲರ್ ಇದ್ದರೆ ಒತ್ತಡ ಹೆಚ್ಚುತ್ತದೆ ಎಂಬುದು ನಿಜ, ಆದರೆ ಆ ಬೌಲರ್ ತಾನೂ ವಿಕೆಟ್ ಕೀಳುತ್ತಾನೆ. ಇನಿಂಗ್ಸ್‌ನಲ್ಲಿ ಬೀಳುವುದು ಹತ್ತೇ ವಿಕೆಟ್. ಒಬ್ಬನಿಗೆ ಸಿಕ್ಕದ್ದು ಇನ್ನೊಬ್ಬನಿಗಿಲ್ಲ. ಬ್ಯಾಟ್ಸ್‌ಮನ್ ವಿಷಯದಲ್ಲಿ ಇವರು ಹೀಗೆ ಲೆಕ್ಕ ಕಳೆಯುವುದನ್ನು ನಾನು ಕಂಡಿಲ್ಲ. ಜೊತೆಯಾಟದಲ್ಲಿ ಇನ್ನೊಂದು ತುದಿಯವನು ಗಟ್ಟಿಯಾಗಿ ನಿಂತನೆಂದು ಶತಕ ಹೊಡೆದವನ ರನ್‌ಗಳಿಗೆ ಯಾರೂ ಕತ್ತರಿ ಹಾಕುವುದಿಲ್ಲ.

ಏಳನೆಯದು ಹೊಸ ತಲೆಮಾರಿನವರ ಮಾತು: "ದೇವದತ್ತ ಪಡಿಕ್ಕಲ್ ಅವರ 2019–20ರ ಮುಂದೆ ಯಾವುದೂ ನಿಲ್ಲದು." ಅಂಕಿಗಳು ಬೆರಗು ಹುಟ್ಟಿಸುವಂಥವೇ. ವಿಜಯ್ ಹಜಾರೆ ಟ್ರೋಫಿಯಲ್ಲಿ 609 ರನ್, ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ 580 ರನ್. ಎರಡರಲ್ಲೂ ಅವರೇ ಅತಿ ಹೆಚ್ಚು ರನ್ ಗಳಿಸಿದವರು, ಎರಡನ್ನೂ ಗೆದ್ದದ್ದು ಕರ್ನಾಟಕ. ಆದರೆ ಅದು ಅವರ ಮೊದಲ ಋತುವಲ್ಲ. ಪಡಿಕ್ಕಲ್ 2018ರ ನವೆಂಬರ್‌ನಲ್ಲೇ ಮಹಾರಾಷ್ಟ್ರದ ವಿರುದ್ಧ ರಣಜಿ ಆಡಿದ್ದರು. 'ಏಕದಿನ ಮಾದರಿಗೆ ಅದು ಮೊದಲ ವರ್ಷ, ಟಿ20ಗೂ ಮೊದಲ ವರ್ಷ' ಎಂಬ ವಿವರಣೆ ಬರುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಬ್ಬ ಆಟಗಾರನಿಗೆ ಮಾದರಿಗೊಂದರಂತೆ ಮೂರು ಚೊಚ್ಚಲ ಋತುಗಳು, ಐಪಿಎಲ್ ಸೇರಿಸಿದರೆ ನಾಲ್ಕು! ಮೂರು ವರ್ಷ ಆಡಿದವನೂ ಹೊಸಬನೇ ಆಗಿ ಉಳಿಯುತ್ತಾನೆ. ಇಲ್ಲಿ ಕೇಳಿದ್ದು ರಣಜಿಯ ಚೊಚ್ಚಲ ಋತು. ಆ ವರ್ಷ ರಣಜಿಯಲ್ಲಿ ಪಡಿಕ್ಕಲ್ ಗಳಿಸಿದ್ದು 649 ರನ್, ಅದೂ ಎರಡನೇ ಋತುವಿನಲ್ಲಿ.

ಎಂಟನೆಯ ಆಕ್ಷೇಪ ನಮ್ಮ ಮನೆಯದೇ, ಹಾಗಾಗಿ ಹೆಚ್ಚು ಗಮನ ಬೇಡುತ್ತದೆ: "ಕೆ.ವಿ. ಸಿದ್ಧಾರ್ಥ್ ನಮ್ಮ ಬೆಳಗಾವಿಯಲ್ಲೇ ಮುಂಬೈ ವಿರುದ್ಧ 161 ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೇವೆ." 2018ರ ನವೆಂಬರ್‌ನಲ್ಲಿ ಆಟೊನಗರದ ಕೆಎಸ್‌ಸಿಎ ಅಂಗಳದಲ್ಲಿ ನಡೆದ ಆ ಆಟ ಯಾರಿಗೂ ಮರೆಯುವಂಥದ್ದಲ್ಲ. ಸಿದ್ಧಾರ್ಥ್‌ಗೆ ಅದು ಚೊಚ್ಚಲ ಋತು ಎಂಬುದೂ ನಿಜ. 728 ರನ್‌ಗಳೊಂದಿಗೆ ಆ ವರ್ಷ ರಾಜ್ಯದ ಪರ ಅತಿ ಹೆಚ್ಚು ರನ್ ಗಳಿಸಿದವರೂ ಅವರೇ. ನನ್ನ ಮೊದಲ ಎರಡು ಅಂಶಗಳನ್ನು ಈ ಹೆಸರು ಸಲೀಸಾಗಿ ದಾಟುತ್ತದೆ. ಮೂರನೆಯದರಲ್ಲಿ ನಿಲ್ಲುತ್ತದೆ. ಅದೇ ಋತುವಿನಲ್ಲಿ ವಿದರ್ಭದ ವಾಸಿಂ ಜಾಫರ್ ಸಾವಿರ ರನ್ ದಾಟಿದ್ದರು, ಸಿಕ್ಕಿಂ ಪರ ಮಿಲಿಂದ್ ಕುಮಾರ್ 1,331 ಗಳಿಸಿದ್ದರು. ರಾಜ್ಯಕ್ಕೆ ಮೊದಲಿಗನಾಗುವುದು ದೊಡ್ಡದು, ದೇಶಕ್ಕೆ ಮೊದಲಿಗನಾಗುವುದು ಅದಕ್ಕಿಂತ ದೊಡ್ಡದು. ಬೆಳಗಾವಿಯ ಅದೇ ಪಂದ್ಯದಲ್ಲಿ ನಮ್ಮೂರ ಹುಡುಗ ರೋನಿತ್ ಮೋರೆ ಮುಂಬೈಯ 5 ವಿಕೆಟ್ ಕಿತ್ತು ಇನಿಂಗ್ಸ್ ಮುನ್ನಡೆಗೆ ದಾರಿ ಮಾಡಿದ್ದರು. 161 ನೆನಪಿಟ್ಟವರು ಆ 5ನ್ನು ಮರೆತಿದ್ದೇಕೆ? ಬ್ಯಾಟು ಕಂಡ ಕಣ್ಣಿಗೆ ಚೆಂಡು ಕಾಣದಿರುವುದೇ ಈ ಇಡೀ ಚರ್ಚೆಯ ರೋಗ.

ಕೊನೆಯ ಆಕ್ಷೇಪವೇ ಎಲ್ಲರ ಮೆಚ್ಚಿನ ಅಸ್ತ್ರ: "ಮಿಥುನ್ ಆಡಿದ್ದು ನಾಲ್ಕೇ ಟೆಸ್ಟ್. ಆ ಋತು ಆಕಸ್ಮಿಕ." ನಾಲ್ಕು ಟೆಸ್ಟ್, 9 ವಿಕೆಟ್: ನಿಜ. ಆದರೆ ಮುಂದೆ ಟೆಸ್ಟ್‌ಗಳಲ್ಲಿ ನಡೆದದ್ದು 2009ರ ಮೀರತ್‌ಗೆ ಹಿಂದಿರುಗಿ ಅಲ್ಲಿ ಬಿದ್ದ ವಿಕೆಟ್‌ಗಳನ್ನು ಮತ್ತೆ ನಿಲ್ಲಿಸಲಾರದು. ಆಕಸ್ಮಿಕ ಎಂಬ ಮಾತಂತೂ ದಾಖಲೆಯ ಮುಂದೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. 2021ರಲ್ಲಿ ನಿವೃತ್ತಿ ಘೋಷಿಸಿದಾಗ ಮಿಥುನ್ ಖಾತೆಯಲ್ಲಿ 103 ಪ್ರಥಮ ದರ್ಜೆ ಪಂದ್ಯಗಳ 338 ವಿಕೆಟ್‌ಗಳಿದ್ದವು. 2013–14 ಮತ್ತು 2014–15ರಲ್ಲಿ ಕರ್ನಾಟಕ ಸತತವಾಗಿ ರಣಜಿ ಗೆದ್ದಾಗ ಆ ವೇಗದ ದಾಳಿಯ ಒಂದು ಕಂಬ ಅವರೇ. ಹನ್ನೆರಡು ವರ್ಷ ಹೀಗೆ ನಡೆದದ್ದನ್ನು ಆಕಸ್ಮಿಕ ಎನ್ನಲು ಧೈರ್ಯ ಬೇಕು.

ಈ ವಾದದಲ್ಲಿ ನಾನು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಶಾಲೆಯ ದಿನಗಳಲ್ಲಿ ಡಿಸ್ಕಸ್ ಎಸೆಯುತ್ತಿದ್ದ ಮಿಥುನ್ ಲೆದರ್ ಚೆಂಡು ಹಿಡಿದದ್ದು ಹದಿನೇಳರ ಆಸುಪಾಸಿನಲ್ಲಿ. ಮೂರು ವರ್ಷಗಳ ಒಳಗೆ ಅವರು ದೇಶದ ರಣಜಿ ಬೌಲರ್‌ಗಳಲ್ಲೇ ಮೊದಲಿಗರಾದರು. ಎಂಟನೇ ವಯಸ್ಸಿಗೆ ಅಕಾಡೆಮಿ ಸೇರದವನಿಗೆ ದಾರಿ ಮುಚ್ಚಿತು ಎಂದು ಗುಂಜಿ, ಲೋಂಡಾದಂಥ ಊರುಗಳ ಎಷ್ಟು ಮಕ್ಕಳು ನಂಬಿ ಕೂತಿದ್ದಾರೆ! ಟೆನಿಸ್ ಚೆಂಡಿನಲ್ಲಿ ಬಿರುಸಾಗಿ ಎಸೆಯುವ ಹದಿನಾರರ ಹುಡುಗನಿಗೆ ನಾವು ಹೇಳಬೇಕಾದ ಕಥೆ ಇದು. ದೊಡ್ಡ ಹೆಸರುಗಳ ಬೆಳಕಿನಲ್ಲಿ ಇದನ್ನು ಮರೆಸಿದರೆ ನಷ್ಟ ಮಿಥುನ್‌ಗಲ್ಲ, ಆ ಹುಡುಗನಿಗೆ.

ಇನ್ನು ಎದುರಾಳಿಗಳ ಸರದಿ. ನಿಜವಾದ ಮೊದಲ ಋತು, ಪೂರ್ಣ ಋತುವಿನ ಲೆಕ್ಕ, ಆ ವರ್ಷ ಇಡೀ ದೇಶದಲ್ಲಿ ಮೊದಲ ಸ್ಥಾನ: ಈ ಮೂರನ್ನೂ ಒಟ್ಟಿಗೆ ತೋರಿಸುವ ಇನ್ನೊಂದು ಹೆಸರನ್ನು ಅವರು ಮುಂದಿಡಲಿ. ಇಷ್ಟು ವರ್ಷಗಳ ಚರ್ಚೆಯಲ್ಲಿ ಅವರು ಮುಂದಿಟ್ಟ ಒಂದು ಹೆಸರೂ ಮೂರನ್ನೂ ದಾಟಿಲ್ಲ. ದಾಟುವ ಹೆಸರು ಬರುವವರೆಗೆ ಮೊದಲ ಸ್ಥಾನ ಮಿಥುನ್ ಅವರದು.