ಹಿತ್ತಲ ಗಿಡ ಮದ್ದಲ್ಲವೇ?

ಸ್ಯಾನ್ ಹೋಸೆಯಲ್ಲಿ ಬದುಕು ಕಟ್ಟಿಕೊಂಡ ನನ್ನಂಥ ಕನ್ನಡಿಗನಿಗೆ ಊರ ತಂಡವೆಂದರೆ ಐಸ್ ಹಾಕಿಯ ಶಾರ್ಕ್ಸ್. 2016ರಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ಆಡಿದ ಈ ತಂಡ 2023-24ರಲ್ಲೂ 2024-25ರಲ್ಲೂ ಇಡೀ ಎನ್‌ಎಚ್‌ಎಲ್‌ಗೇ ಕಟ್ಟಕಡೆ! 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 19, ಮರುವರ್ಷ 20.

ಇದು ಹಣೆಬರಹವಲ್ಲ, ಕೈಯಾರೆ ಮಾಡಿಕೊಂಡದ್ದು. 2019ರಲ್ಲಿ ತಾವೇ ಬೆಳೆಸಿದ ನಾಯಕ ಜೋ ಪವೆಲ್ಸ್ಕಿಯನ್ನು ಕೈಬಿಟ್ಟರು. ಹೊರಗಿನಿಂದ ತಂದ, ಆಗಲೇ 29 ತುಂಬಿದ್ದ ಎರಿಕ್ ಕಾರ್ಲ್‌ಸನ್‌ಗೆ ಎಂಟು ವರ್ಷಕ್ಕೆ 9.2 ಕೋಟಿ ಡಾಲರ್ ಬರೆದುಕೊಟ್ಟರು. ಅವರಿಗಾಗಿ ಒಟ್ಟಾವಾಕ್ಕೆ ಬಿಟ್ಟುಕೊಟ್ಟ ಆಯ್ಕೆಯ ಸರದಿಯಲ್ಲೇ 2020ರಲ್ಲಿ ಟಿಮ್ ಸ್ಟುಟ್ಸ್‌ಲೆ ಆ ತಂಡದ ಪಾಲಾದ. ಕಾರ್ಲ್‌ಸನ್ ಘಟಾನುಘಟಿ ಆಟಗಾರ, ನಿಜ. ಆದರೆ ಸಂಬಳಕ್ಕೆ ಮಿತಿಯಿರುವ ಲೀಗಿನಲ್ಲಿ ಒಬ್ಬರಿಗೇ ಸುರಿದರೆ ಉಳಿದವರಿಗೇನು? ಚಿಪ್ಪೇ!

ದಾರಿ ಇದೆ. 2024ರಲ್ಲಿ ಮೊದಲ ಆಯ್ಕೆಯಾಗಿ ಬಂದ ಮ್ಯಾಕ್ಲಿನ್ ಸೆಲೆಬ್ರಿನಿ ಹುಡುಗನಾಗಿದ್ದಾಗ ಇಲ್ಲಿನ ಜೂನಿಯರ್ ಶಾರ್ಕ್ಸ್‌ನಲ್ಲಿ ಆಡಿದವನು. ಅವನ ಸುತ್ತ ತಂಡ ಕಟ್ಟಿ. ಎಳೆಯರನ್ನು ಮಾರಿ ಹೆಸರುವಾಸಿಗಳನ್ನು ತರಬೇಡಿ. ಮೂವತ್ತು ದಾಟಿದವರಿಗೆ ಉದ್ದನೆಯ ಕರಾರು ಬೇಡವೇ ಬೇಡ.

ಸೋಲನ್ನು ಸಹಿಸುತ್ತೇವೆ. ಅದೇ ತಪ್ಪನ್ನು ಮತ್ತೆ ಮಾಡಿದರೆ, ಟಿಕೆಟ್ ಕೊಳ್ಳುವ ನಾವು ಸುಮ್ಮನಿರಬೇಕೇ?