ಎಂಬಿಪಿಎಸ್ ಒಂದೇ ಸಾಲದು, ಮಾತು ಹೊತ್ತಿಗೆ ಸರಿಯಾಗಿ ಬರಬೇಕು

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಎದುರಿಗೆ, ಪುಣೆ–ಬೆಂಗಳೂರು ರಸ್ತೆಗೆ ಹೊಂದಿಕೊಂಡು ಹೈಕೋರ್ಟ್ ಪೀಠವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಕೋವಿಡ್ ಕಾಲದಿಂದ ವಿಡಿಯೊ ಕಾನ್ಫರೆನ್ಸ್ ವಿಚಾರಣೆ ರೂಢಿಯಾದ ಮೇಲೆ ಕಾರವಾರದ ವಕೀಲರು ಘಟ್ಟ ಹತ್ತದೆಯೂ ವಾದ ಮಂಡಿಸಬಹುದು. ರಸ್ತೆಯ ಈಚೆ, ಕಾರ್ಖಾನೆಗಳ ಆರ್ಡರ್, ಅಳತೆ, ದರದ ಮಾತುಕತೆಯೂ ಇಂಟರ್‌ನೆಟ್ ಕರೆಗೆ ಹೊರಳುತ್ತಿದೆ. ‘ಹತ್ತರದ್ದು ಬ್ಯಾಡ್ರಿ, ಎಂಟರದ್ದು ಕಳಸ್ರಿ’ ಎಂಬಲ್ಲಿ ‘ಬ್ಯಾಡ್ರಿ’ ಕೇಳಿಸದೇ ಹೋದರೆ ಎರಡೂ ಅಳತೆಯ ಬೋಲ್ಟು ಲಾರಿ ಹತ್ತುತ್ತವೆ.

ಆಗ ಮಾಲೀಕರಿಗೆ ಮೊದಲು ಹೊಳೆಯುವುದು ಹೆಚ್ಚು ಎಂಬಿಪಿಎಸ್‌ನ ದೊಡ್ಡ ಪ್ಲ್ಯಾನ್. ಬಹಳ ಸಲ ಅದು ದುಡ್ಡು ದಂಡ.

ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರುವ ಹಳೆಯ ಜಿ.711 ಕೊಡೆಕ್ ಬಳಸಿದರೂ ಕರೆಯೊಂದಕ್ಕೆ ಪ್ರತಿ ದಿಕ್ಕಿನಲ್ಲಿ ಸುಮಾರು 80 ಕೆಬಿಪಿಎಸ್ ಸಾಕು. ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ, ಹೊರಡುತ್ತದೆ. ಸಮ ಅಂತರದಲ್ಲಿ ಹೊರಟ ಈ ಪ್ಯಾಕೆಟ್‌ಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಮುಟ್ಟುವುದೇ ಜಿಟರ್. ಅದನ್ನು ಸರಿದೂಗಿಸಲು ಕೇಳುವವರ ಫೋನು ಬಂದದ್ದನ್ನು ಕೊಂಚ ಹಿಡಿದಿಟ್ಟು ಸಾಲಾಗಿ ನುಡಿಸುತ್ತದೆ. ಹೆಚ್ಚು ಹಿಡಿದರೆ ಇಬ್ಬರೂ ಒಟ್ಟಿಗೇ ಮಾತಾಡತೊಡಗುತ್ತಾರೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಲೇಸು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಕಡಿಮೆ ಹಿಡಿದರೆ ತಡವಾಗಿ ಬಂದ ತುಣುಕು ಕಸದ ಪಾಲು.

ತೊಂದರೆ ಎಷ್ಟೋ ಸಲ ಕಚೇರಿಯೊಳಗೇ ಹುಟ್ಟುತ್ತದೆ. ಅಪ್‌ಲೋಡ್ 2 ಎಂಬಿಪಿಎಸ್ ಇರುವ ಲೈನಿನಲ್ಲಿ ಸಿಸಿಟಿವಿ ದೃಶ್ಯ ಕ್ಲೌಡಿಗೆ ಹೋಗುತ್ತಿದೆ ಎನ್ನಿ. 1500 ಬೈಟಿನ ಒಂದು ಪ್ಯಾಕೆಟ್ ದಾಟಲು 6 ಮಿಲಿಸೆಕೆಂಡು ಬೇಕು. ಅಂಥ 40 ಪ್ಯಾಕೆಟ್ ಮುಂದೆ ನಿಂತಿದ್ದರೆ ಮಾತಿನ ತುಣುಕು 240 ಮಿಲಿಸೆಕೆಂಡು ಕಾಯಬೇಕು. ಅಪ್‌ಲೋಡ್ ಮುಗಿದೊಡನೆ ಸಾಲು ಕರಗುತ್ತದೆ. ಆಮೇಲೆ ಸ್ಪೀಡ್ ಟೆಸ್ಟ್ ಮಾಡಿದವರಿಗೆ ಎಲ್ಲವೂ ನೆಟ್ಟಗೇ ಕಾಣುತ್ತದೆ.

ಚಿಗರಿ ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟ ಹುಬ್ಬಳ್ಳಿ–ಧಾರವಾಡ ಅವಳಿ ನಗರಕ್ಕೆ ಪರಿಹಾರ ಹೊಸದೇನಲ್ಲ. ರೂಟರಿನಲ್ಲಿ ಧ್ವನಿಯ ಪ್ಯಾಕೆಟ್‌ಗೆ ಮೊದಲ ಸರದಿ ಕೊಡಬೇಕು. ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ತುಸು ಕೆಳಗಿಡಬೇಕು; ಆಗ ಸಾಲು ಸ್ವಂತ ರೂಟರಿನಲ್ಲೇ ನಿಂತು ಹತೋಟಿಗೆ ಸಿಗುತ್ತದೆ. ಸಾಲು ಬೆಳೆಯದಂತೆ ನೋಡಿಕೊಳ್ಳುವ ಎಫ್‌ಕ್ಯೂ–ಕೋಡೆಲ್ ವಿಧಾನ 2012ರಿಂದಲೇ ಲಿನಕ್ಸ್‌ನಲ್ಲಿ ಉಚಿತವಾಗಿದೆ. ಮೇಜಿನ ಫೋನನ್ನು ವೈಫೈ ಬಿಡಿಸಿ ಕೇಬಲ್‌ಗೆ ಸಿಕ್ಕಿಸುವುದಂತೂ ಐದು ನಿಮಿಷದ ಕೆಲಸ.

ಕಾಂಪೌಂಡಿನಾಚೆಯ ಹಾದಿ ಸೇವಾ ಕಂಪನಿಯದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಸೇವಾ ಗುಣಮಟ್ಟ ನಿಯಮಗಳಲ್ಲಿ ಜಿಟರನ್ನೂ ಮಾನದಂಡವಾಗಿ ಸೇರಿಸಿದೆ. ಬೇಲೂರಿನ ಉದ್ಯಮಿಗಳು ಲೈನು ಕೊಳ್ಳುವಾಗ ಎಂಬಿಪಿಎಸ್ ಜೊತೆಗೆ ಜಿಟರ್ ಎಷ್ಟು, ಅಪ್‌ಲೋಡ್ ತುಂಬಿದಾಗ ಎಷ್ಟಾಗುತ್ತದೆ ಎಂದು ಕೇಳಲಿ. ಬಂದ ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲಿ.